ಸೊನ್ನೆಯೇ ಬೇರೆ, ಸುದ್ದಿ ಇಲ್ಲದ್ದೇ ಬೇರೆ

ಕುಂದಾಪುರ
ಆಸಾಡಿ ಮಳೆಯ ಒಂದು ಸಂಜೆ

ಪ್ರೀತಿಯ ತಂಗೀ,

ನೀನು ಕಳಿಸಿದ ಗ್ರಾಫ್ ನೋಡಿದೆ. ಮೊದಲು ಫೋನಿನಲ್ಲಿ, ಆಮೇಲೆ ಲ್ಯಾಪ್‌ಟಾಪಿನಲ್ಲಿ ದೊಡ್ಡದು ಮಾಡಿಕೊಂಡು. ಹೊಳೆ ನಡುವಿನ ಕುದ್ರುವಿನ ಮನೆಗೆ ಹೋದಾಗ ಅಮ್ಮಮ್ಮನಿಗೂ ತೋರಿಸಿದೆ. ಬಾವಿಕಟ್ಟೆಯ ಮೇಲೆ ನೀನು ಕೂರಿಸಿ ಹೋದ ಆ ಪುಟ್ಟ ಪೆಟ್ಟಿಗೆ ಬೆಂಗಳೂರಿನಲ್ಲಿರುವ ನಿನಗೆ ನೀರಿನ ಮಟ್ಟ, ಮಳೆ ಎರಡನ್ನೂ ಹೇಳುತ್ತದೆ ಎಂದರೆ ಅವರಿಗೆ ಒಂದು ಥರದ ಹೆಮ್ಮೆ. ನೆರೆಮನೆಯವರನ್ನೆಲ್ಲ ಕರೆದು ತೋರಿಸಿದ್ದಾರೆ. ಯಾರೂ ಮುಟ್ಟಬಾರದೆಂದು ಅದರ ಪಕ್ಕ ಒಂದು ಹಳೆಯ ಕೊಡಪಾನ ಅಡ್ಡ ಇಟ್ಟಿದ್ದಾರೆ. ಕಾವಲಿಗೆ ಇರಬೇಕು.

ಆದರೆ ಕಳೆದ ವಾರದ ದೊಡ್ಡ ಮಳೆಯ ರಾತ್ರಿ ಇದೆಯಲ್ಲ, ಅದರ ಬಗ್ಗೆ ನಿನ್ನ ಹತ್ತಿರ ಮಾತಾಡಬೇಕು. ನಿನ್ನ ಗ್ರಾಫಿನಲ್ಲಿ ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಏಳರವರೆಗೆ ಗೆರೆ ಸ್ಕೇಲು ಇಟ್ಟು ಎಳೆದಷ್ಟು ನೇರ. ಮಳೆಯ ಕಂಬಗಳ ಜಾಗದಲ್ಲಿ ಸೊನ್ನೆ, ಸೊನ್ನೆ, ಸೊನ್ನೆ. ಅದನ್ನು ನೋಡಿದ ಯಾರಾದರೂ ಆ ರಾತ್ರಿ ಕುದ್ರುವಿನಲ್ಲಿ ಎಲ್ಲರೂ ಸುಖವಾಗಿ ನಿದ್ದೆ ಮಾಡಿದರು ಎಂದೇ ತಿಳಿಯಬೇಕು. ಅಮ್ಮಮ್ಮ ಮಾತ್ರ ಟಾರ್ಚ್ ಹಿಡಿದುಕೊಂಡು ಗಂಟೆಗೊಮ್ಮೆ ಎದ್ದು ಬಾವಿ ನೋಡಿದ್ದಾರೆ. "ಬಾವಿಕಟ್ಟಿ ಮುಳ್‌ಗುಕೆ ಒಂದ್ ಮೊಳ ಬಾಕಿ ಇದ್ದಿತ್ತ್" ಎಂದರು. ಬೆಳಗಿನ ಜಾವಕ್ಕೆ ನೀರು ಇಳಿಯಿತಂತೆ. ಏರಿದ್ದೂ ಇಳಿದದ್ದೂ ನಿನ್ನ ಆ ನೇರ ಗೆರೆಯ ಅಡಿಯಲ್ಲಿ ಕಾಣದೆ ಹೋಗಿವೆ.

ಬೇಸರ ಮಾಡಿಕೊಳ್ಳಬೇಡ ಮರಾಯ್ತಿ. ಕರೆಂಟು ಹೋಯಿತು, ರೌಟರ್ ಆರಿತು, ಅಡಾಪ್ಟರಿನಿಂದ ಓಡುತ್ತಿದ್ದ ನಿನ್ನ ಬೋರ್ಡೂ ಆರಿತು. ನಮ್ಮೂರಲ್ಲಿ ಮಳೆಗಾಲದ ಕರೆಂಟಿನ ಕತೆ ನಿನಗೆ ನಾನು ಹೇಳಬೇಕೆ? ನನಗೆ ಚಿಂತೆಯಾದದ್ದು ಅದಲ್ಲ. ಸುದ್ದಿ ಬಾರದ ಜಾಗದಲ್ಲಿ ನಿನ್ನ ಪ್ರೋಗ್ರಾಮ್ ಸೊನ್ನೆ ತುಂಬಿಸಿದೆ. ಸೊನ್ನೆ ಎಂದರೆ ಅಳೆದೆ, ಮಳೆ ಇರಲಿಲ್ಲ ಎಂದರ್ಥ. ಅಳೆಯಲೇ ಇಲ್ಲ ಎನ್ನುವುದು ಪೂರ್ತಿ ಬೇರೆ ಮಾತು. ಡೇಟಾಬೇಸಿನಲ್ಲಿ ಅದಕ್ಕೆಂದೇ ಖಾಲಿ ಬಿಡುವ 'ನಲ್' ಇದೆ. ಗ್ರಾಫಿನಲ್ಲಿ ಗೆರೆ ತುಂಡಾಗಲಿ. ನೋಡಲು ಚಂದ ಇರುವುದಿಲ್ಲ, ನಿಮ್ಮ ಪ್ರಾಜೆಕ್ಟ್ ಪರೀಕ್ಷೆಗೆ ಬಂದವರು "ಇದೇನು ಮಧ್ಯದಲ್ಲಿ ತೂತು?" ಎಂದು ಕೇಳಿಯಾರು. ಕೇಳಲಿ, ಹೇಳಲು ನಿನ್ನ ಹತ್ತಿರ ಒಳ್ಳೆಯ ಉತ್ತರ ಇದೆ.

ಈ ಕೆಲಸವನ್ನು ನಮ್ಮ ರಾಜ್ಯ ದೊಡ್ಡ ಮಟ್ಟದಲ್ಲಿ ಮಾಡುತ್ತಿದೆ ಎಂಬುದು ಗೊತ್ತಲ್ಲ? ಬೆಂಗಳೂರಿನ ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. 1988ರಲ್ಲಿ ಬರ ನೋಡಿಕೊಳ್ಳುವ ಘಟಕವಾಗಿ ಶುರುವಾದದ್ದು ಅದು. ಇವತ್ತು ಗ್ರಾಮ ಪಂಚಾಯಿತಿಗೊಂದರಂತೆ ಆರು ಸಾವಿರಕ್ಕೂ ಹೆಚ್ಚು ಮಳೆಮಾಪಕಗಳು, ಹೋಬಳಿಗಳಲ್ಲಿ ಹವಾಮಾನ ಕೇಂದ್ರಗಳು ಅದರ ಕೈಯಲ್ಲಿವೆ. ಪ್ರತಿಯೊಂದಕ್ಕೂ ಸಣ್ಣ ಸೋಲಾರ್ ಫಲಕ, ಬ್ಯಾಟರಿ, ಒಂದು ಸಿಮ್. 15 ನಿಮಿಷಕ್ಕೊಮ್ಮೆ ಲೆಕ್ಕ ಮೊಬೈಲ್ ನೆಟ್‌ವರ್ಕ್ ಹಿಡಿದು ಯಲಹಂಕದ ಸರ್ವರಿಗೆ ಹೋಗುತ್ತದೆ. ಅಲ್ಲಿಯ 'ವರುಣಮಿತ್ರ' ಸಹಾಯವಾಣಿಗೆ ಫೋನ್ ಮಾಡಿ ರೈತರು ಮಳೆಯ ಮುನ್ಸೂಚನೆ ಕೇಳುತ್ತಾರೆ. ನಮ್ಮ ಬ್ರಹ್ಮಾವರದ ಮಾವನೂ ನೇಜಿ ಕೀಳುವ ಮುಂಚೆ ಯಾರಿಗಾದರೂ ಫೋನ್ ಮಾಡದೆ ಬಿಡುವವರಲ್ಲ. ಒಬ್ಬರು ಹೇಳಿದ್ದು ಸಾಲದೆಂದು ಇನ್ನೊಬ್ಬರಿಗೂ ಮಾಡುತ್ತಾರೆ!

ಆ ಮಳೆಮಾಪಕವನ್ನು ಹತ್ತಿರದಿಂದ ನೋಡಿದ್ದೀಯಾ? ನಿನ್ನದರಲ್ಲೂ ಅದೇ ಉಪಾಯ. ಮೇಲೆ ಆಲಿಕೆ, ಒಳಗೆ ಎರಡು ಪುಟ್ಟ ಬಟ್ಟಲಿನ ತೂಗುಯ್ಯಾಲೆ. ಒಂದು ಬಟ್ಟಲು ತುಂಬಿದರೆ ವಾಲಿ ಚೆಲ್ಲುತ್ತದೆ, ಇನ್ನೊಂದು ಮೇಲೆ ಬರುತ್ತದೆ. ವಾಲಿದಾಗೊಮ್ಮೆ ಅಯಸ್ಕಾಂತ ರೀಡ್ ಸ್ವಿಚ್ಚಿನ ಮುಂದೆ ಹಾಯುತ್ತದೆ, ಮೈಕ್ರೊಕಂಟ್ರೋಲರ್ 'ಒಂದು' ಎಂದು ಎಣಿಸುತ್ತದೆ. ನಿನ್ನ ಬಟ್ಟಲಿಗೆ ಒಂದು ವಾಲು ಎಂದರೆ 0.2 ಮಿಲಿಮೀಟರ್. ಗಂಟೆಗೆ 100 ಮಿ.ಮೀ. ಸುರಿದರೂ ಏಳು ಸೆಕೆಂಡಿಗೊಂದು ವಾಲು ಅಷ್ಟೇ. ಎಣಿಸಲು ಚಿಪ್ಪಿಗೆ ಏನೂ ಕಷ್ಟವಿಲ್ಲ. ಕಷ್ಟ ಇರುವುದು ಆಲಿಕೆಯ ಬಾಯಲ್ಲಿ. ಒಂದು ಮಾವಿನೆಲೆ ಬಿದ್ದರೆ ಸಾಕು, ಒಂದು ಜೇಡ ಬಲೆ ಕಟ್ಟಿದರೆ ಸಾಕು. ಹೊರಗೆ ಧೋ ಎಂದು ಹೊಯ್ಯುತ್ತಿರುತ್ತದೆ, ಸರ್ವರಿಗೆ ಸೊನ್ನೆ ಹೋಗುತ್ತಿರುತ್ತದೆ. ಆ ಸೊನ್ನೆ ಅಳೆದು ಬಂದ ಸೊನ್ನೆಯೇ, ಆದರೂ ಸುಳ್ಳು. ಹೀಗಾಗಿ ಮಳೆಯ ಅಂಕಿಯ ಜೊತೆಗೆ ಬಾವಿಯ ಮಟ್ಟ, ಬ್ಯಾಟರಿಯ ವೋಲ್ಟೇಜು, ಪೆಟ್ಟಿಗೆಯೊಳಗಿನ ತೇವಾಂಶ ಇವನ್ನೂ ಕಳಿಸು. ಬಾವಿ ಏರುತ್ತಿದೆ, ಮಳೆ ಮಾತ್ರ ಸೊನ್ನೆ ಎಂದರೆ ಎಲೆ ತೆಗೆಯಲು ಅಮ್ಮಮ್ಮನಿಗೆ ಫೋನ್ ಮಾಡಬಹುದು.

ಈಗ ಕರೆಂಟಿನ ವಿಷಯ. ನಿನ್ನ ಇಎಸ್‌ಪಿ32 ಬೋರ್ಡು ಸದಾ ವೈಫೈ ಹಿಡಿದು ಕೂತರೆ ಸುಮಾರು 100 ಮಿಲಿಆಂಪಿಯರ್ ಕುಡಿಯುತ್ತದೆ. 2,500 ಮಿಲಿಆಂಪಿಯರ್-ಗಂಟೆಯ ಒಂದು ಲಿಥಿಯಂ ಸೆಲ್ ಒಂದು ದಿನಕ್ಕೆ ಮುಗಿಯಿತು. ಅದೇ ಬೋರ್ಡನ್ನು ಗಾಢನಿದ್ದೆಗೆ ಹಾಕಿ, 15 ನಿಮಿಷಕ್ಕೊಮ್ಮೆ ಎಬ್ಬಿಸಿ, ಹತ್ತು ಸೆಕೆಂಡಿನಲ್ಲಿ ಅಳೆದು ಕಳಿಸಿ ಮತ್ತೆ ಮಲಗಿಸಿದರೆ ದಿನಕ್ಕೆ ಸುಮಾರು 30 ಮಿಲಿಆಂಪಿಯರ್-ಗಂಟೆ ಮಾತ್ರ. ಲೆಕ್ಕದ ಮೇಲೆ ಎರಡು ತಿಂಗಳು ದಾಟುತ್ತದೆ. ನಿದ್ದೆಯಲ್ಲಿ ಚಿಪ್ಪು ಕುಡಿಯುವುದು ಹತ್ತು ಮೈಕ್ರೊಆಂಪಿಯರಿನಷ್ಟು. ಆದರೆ ಬೋರ್ಡಿನ ಮೇಲಿರುವ ಆ ಕೆಂಪು ದೀಪ, ರೆಗ್ಯುಲೇಟರ್ ಮಲಗುವುದಿಲ್ಲ, ಹಾಗಾಗಿ ನಿಜದಲ್ಲಿ ಅಷ್ಟು ದಿನ ಬರುವುದಿಲ್ಲ. ದೀಪವನ್ನು ಬಿಚ್ಚಿ ತೆಗೆ. ಸೂರ್ಯ ವಾರಗಟ್ಟಲೆ ಮುಖ ತೋರಿಸದ ಊರಿದು, ಸೋಲಾರ್ ಫಲಕ ಇಟ್ಟರೂ ಬಿಸಿಲನ್ನು ನಂಬಿಕೊಂಡು ಲೆಕ್ಕ ಹಾಕಬೇಡ. ನಿದ್ದೆಯಲ್ಲಿದ್ದಾಗ ಮಳೆಯ ವಾಲು ತಪ್ಪಿಹೋಗದಂತೆ ರೀಡ್ ಸ್ವಿಚ್ಚೇ ಚಿಪ್ಪನ್ನು ಎಬ್ಬಿಸುವ ಹಾಗೆ ಜೋಡಿಸಬಹುದು. ಅದು ನಿನಗೆ ಗೊತ್ತು, ಲ್ಯಾಬಿನಲ್ಲಿ ಮಾಡಿದ್ದೇನೆ ಎಂದು ನೀನೇ ಹೇಳಿದ್ದೆ.

ಬೋರ್ಡು ಬದುಕಿತು ಎಂದುಕೋ. ರೌಟರ್ ಸತ್ತಿದೆ, ಟವರೂ ಇಲ್ಲ. ಆಗ ಅಳೆದದ್ದನ್ನು ಎಲ್ಲಿ ಇಡುತ್ತೀ? ಈಗ ನಿನ್ನ ಪ್ರೋಗ್ರಾಮ್ ಅಳೆದು, ಕಳಿಸಲು ನೋಡಿ, ಆಗದಿದ್ದರೆ ಅಲ್ಲಿಗೆ ಕೈಬಿಡುತ್ತದೆ. ನನ್ನ ವಿದ್ಯಾರ್ಥಿಗಳಿಗೂ ಇದೇ ಹೇಳುತ್ತಿರುತ್ತೇನೆ: ಮೊದಲು ಬರೆದಿಡಿ, ಆಮೇಲೆ ಕಳಿಸಿ. ಒಂದು ಅಳತೆಗೆ ಇಪ್ಪತ್ತು ಬೈಟ್ ಸಾಕು. ದಿನಕ್ಕೆ 96 ಅಳತೆ ಎಂದರೆ ಎರಡು ಕಿಲೋಬೈಟಿಗೂ ಕಡಿಮೆ. ಬೋರ್ಡಿನ ಫ್ಲ್ಯಾಶ್ ನೆನಪಿನಲ್ಲಿ ಒಂದು ಮೆಗಾಬೈಟ್ ಮೀಸಲಿಟ್ಟರೆ ವರ್ಷಕ್ಕೂ ಮಿಕ್ಕಿ ಕೂಡಿಡಬಹುದು. ಹೀಗಿರುವಾಗ ಎಂಟು ಗಂಟೆಯ ಕತ್ತಲೆಗೆ ಹೆದರಿ ಸೊನ್ನೆ ತುಂಬಿಸಿದ್ದೇಕೆ ಹೆಣ್ಣೇ?

ಕಳಿಸಿದ್ದನ್ನು ಯಾವಾಗ ಅಳಿಸಬೇಕು ಎನ್ನುವುದರಲ್ಲಿ ಇನ್ನಷ್ಟು ಎಚ್ಚರ ಬೇಕು. ರಿಜಿಸ್ಟರ್ಡ್ ಪೋಸ್ಟಿನ ಸ್ವೀಕೃತಿ ಕಾರ್ಡು ವಾಪಸು ಬರುವವರೆಗೆ ಅಜ್ಜ ಕಾಗದದ ನಕಲನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುತ್ತಿದ್ದರಲ್ಲ, ಅಷ್ಟೇ ಎಚ್ಚರ. ನೀನು ಎಚ್‌ಟಿಟಿಪಿಯ ಪೋಸ್ಟ್ ವಿಧಾನದಲ್ಲಿ ಜೇಸನ್ ರೂಪದಲ್ಲಿ ಕಳಿಸುತ್ತಿದ್ದೀಯ, ಸರಿ. ಸರ್ವರ್ 200 ಎಂದು ಉತ್ತರಿಸಿದರೆ ತಲುಪಿತು ಎಂದುಕೊಂಡಿದ್ದೀಯ. ಇಲ್ಲೊಂದು ಗುಂಡಿ ಇದೆ. ಇಂಟರ್ನೆಟ್ ರೀಚಾರ್ಜ್ ಮುಗಿದ ದಿನ ಕೆಲವು ಕಡೆ ಏನಾಗುತ್ತದೆ ಗೊತ್ತಾ? ನೀನು ಎಲ್ಲಿಗೆ ಕಳಿಸಿದರೂ "ದಯವಿಟ್ಟು ಹಣ ಕಟ್ಟಿ" ಎನ್ನುವ ಪುಟ ವಾಪಸು ಬರುತ್ತದೆ, ಅದರ ತಲೆಯ ಮೇಲೂ 200 ಎಂದೇ ಇರಬಹುದು. ನಿನ್ನ ಬೋರ್ಡು ಖುಷಿಯಿಂದ ಎಲ್ಲ ಅಳಿಸಿಬಿಡುತ್ತದೆ. ಆದ್ದರಿಂದ ಪ್ರತಿ ಅಳತೆಗೂ ಒಂದು ಕ್ರಮಸಂಖ್ಯೆ ಕೊಡು. ಸರ್ವರ್ ಆ ಸಂಖ್ಯೆಯನ್ನೇ ತಿರುಗಿ ಹೇಳಿದರೆ ಮಾತ್ರ ಅಳಿಸು. ಇದರಿಂದ ಇನ್ನೊಂದು ಲಾಭವೂ ಇದೆ. ಅಳತೆ ತಲುಪಿ, ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋದರೆ ಬೋರ್ಡು ಅದನ್ನೇ ಮತ್ತೆ ಕಳಿಸುತ್ತದೆ. ಬೋರ್ಡಿನ ಹೆಸರು, ಕ್ರಮಸಂಖ್ಯೆ ಎರಡೂ ಸೇರಿದ್ದೇ ಡೇಟಾಬೇಸಿನ ಕೀಲಿಯಾಗಿದ್ದರೆ ಒಂದೇ ಮಳೆ ಎರಡು ಸಲ ಲೆಕ್ಕಕ್ಕೆ ಬರುವುದಿಲ್ಲ.

ಹೊತ್ತಿನ ಮಾತು ಮರೆಯುವ ಮುಂಚೆ ಬರೆಯುತ್ತೇನೆ. ನಿನ್ನ ಸರ್ವರ್ ಅಳತೆ ಬಂದು ಮುಟ್ಟಿದ ಹೊತ್ತನ್ನು ಬರೆದುಕೊಳ್ಳುತ್ತಿದೆ. ಕೂಡಿಟ್ಟು ಕಳಿಸಲು ಶುರುಮಾಡಿದ ಮೇಲೆ ಅದು ನಡೆಯುವುದಿಲ್ಲ. ಮಧ್ಯರಾತ್ರಿಯ ಮಳೆಯೆಲ್ಲ ಬೆಳಿಗ್ಗೆ ಏಳಕ್ಕೆ ಒಟ್ಟಿಗೆ ಹೊಯ್ದಂತೆ ಕಾಣುತ್ತದೆ. ಅಳೆದ ಹೊತ್ತು, ಮುಟ್ಟಿದ ಹೊತ್ತು, ಎರಡೂ ಬೇಕು. ಅಳೆದ ಹೊತ್ತು ಹೇಳಲು ಬೋರ್ಡಿಗೆ ಗಡಿಯಾರ ಬೇಕು. ಕರೆಂಟು ಹೋಗಿ ಬಂದ ಬೋರ್ಡು 1970ರ ಜನವರಿ 1 ಎಂದುಕೊಂಡು ಕಣ್ಣುಬಿಡುತ್ತದೆ. ನಗಬೇಡ, ಎಚ್‌ಟಿಟಿಪಿಎಸ್ ಬಳಸಿ ಸರ್ವರಿನ ಪ್ರಮಾಣಪತ್ರ ಪರೀಕ್ಷಿಸುವಾಗ ಇದು ನಿಜವಾಗಿ ಕಾಡುತ್ತದೆ: "ಈ ಪ್ರಮಾಣಪತ್ರ ಇನ್ನೂ ಹುಟ್ಟಿಯೇ ಇಲ್ಲ" ಎಂದು ಸಂಪರ್ಕವನ್ನೇ ನಿರಾಕರಿಸುತ್ತದೆ. ಡಿಎಸ್3231 ಎಂಬ ಗಡಿಯಾರದ ಚಿಪ್ಪನ್ನು ಒಂದು ಗುಂಡಿ ಸೆಲ್ಲಿನ ಜೊತೆ ಹಾಕು. ವರ್ಷಕ್ಕೆ ಒಂದು ನಿಮಿಷ ತಪ್ಪಿದರೆ ಹೆಚ್ಚು. ನೆಟ್‌ವರ್ಕ್ ಬಂದಾಗ ಅದನ್ನೂ ಸರಿಮಾಡಿಕೊಳ್ಳಬಹುದು.

ಹವಾಮಾನ ಇಲಾಖೆಯ ದಿನ ಶುರುವಾಗುವುದು ಮಧ್ಯರಾತ್ರಿಗಲ್ಲ, ಬೆಳಿಗ್ಗೆ 8:30ಕ್ಕೆ. "ಇಂದು 120 ಮಿ.ಮೀ." ಎಂದು ಪೇಪರಿನಲ್ಲಿ ಬಂದರೆ ನಿನ್ನೆ ಬೆಳಿಗ್ಗೆ 8:30ರಿಂದ ಇವತ್ತು 8:30ರವರೆಗಿನ ಮಳೆ. ಜಾಗತಿಕ ಸಮಯದಲ್ಲಿ ಅದು ಸರಿಯಾಗಿ 3 ಗಂಟೆ, ಲೋಕದ ಹವಾಮಾನ ಕೇಂದ್ರಗಳೆಲ್ಲ ಒಟ್ಟಿಗೆ ಅಳೆಯುವ ಹೊತ್ತುಗಳಲ್ಲಿ ಒಂದು. ನೀನು ಜಾಗತಿಕ ಸಮಯದಲ್ಲೇ ಕೂಡಿಡು, ತೋರಿಸುವಾಗ ಐದೂವರೆ ಗಂಟೆ ಸೇರಿಸು. ಆಗ ನಿನ್ನ ದಿನದ ಮೊತ್ತವನ್ನು ಇಲಾಖೆಯ ಅಂಕಿಯ ಪಕ್ಕ ಇಟ್ಟು ನೋಡಬಹುದು. 64.5 ಮಿ.ಮೀ. ಮುಟ್ಟಿದರೆ 'ಭಾರಿ', 115.6ರಿಂದ 'ಅತಿ ಭಾರಿ', 204.5 ಮುಟ್ಟಿದರೆ ಅದಕ್ಕೂ ಮೇಲಿನ ಮಟ್ಟ. ವರ್ಷಕ್ಕೆ ನಾಲ್ಕು ಸಾವಿರ ಮಿ.ಮೀ. ಆಸುಪಾಸು ಸುರಿಯುವ ಈ ಸೀಮೆಯಲ್ಲಿ ಈ ಮೂರನ್ನೂ ನೋಡದ ಮಳೆಗಾಲ ಅಪರೂಪ.

ನೆನಪಿದೆಯಾ, 2020ರ ಸೆಪ್ಟೆಂಬರ್ 20, ಭಾನುವಾರ? ರಾತ್ರಿ ಬೆಳಗಾಗುವುದರೊಳಗೆ ಉಡುಪಿ, ಬ್ರಹ್ಮಾವರ ಕಡೆಯ ತಗ್ಗು ಜಾಗಗಳೆಲ್ಲ ನೀರಲ್ಲಿ. ಸ್ವರ್ಣೆ, ಸೀತೆ ಎರಡೂ ದಂಡೆ ಮೀರಿದ್ದವು. ಅಂಥ ರಾತ್ರಿಗಳಲ್ಲಿ ಯಾರಿಗಾದರೂ ಬೇಕಾಗುವುದು ಕೊನೆಯ ಮೂರು ಗಂಟೆಯ ಲೆಕ್ಕ, ಹದಿನೈದು ಹದಿನೈದು ನಿಮಿಷದ್ದು. ನೆಟ್‌ವರ್ಕ್ ಹೋಗುವುದೂ ಆ ಗಂಟೆಗಳಲ್ಲೇ. ಬಿಸಿಲ ದಿನ ಚಂದವಾಗಿ ಮಾತಾಡಿ ನೆರೆಯ ರಾತ್ರಿ ಬಾಯಿ ಮುಚ್ಚುವ ಯಂತ್ರದಿಂದ ಅಮ್ಮಮ್ಮನಿಗೆ ಏನು ಪ್ರಯೋಜನ? ನಿನ್ನ ಕೆಲಸದ ಮೇಲೆ ನನಗಿರುವ ಆಸೆ ದೊಡ್ಡದು, ಅದಕ್ಕೇ ಇಷ್ಟು ಹೇಳುವುದು.

ಇನ್ನೊಂದು ಸಂಗತಿ ನನ್ನ ನಿದ್ದೆ ಕೆಡಿಸಿದೆ. ನಿನ್ನ ನೀರಿನ ಮಟ್ಟದ ಸೆನ್ಸರ್ ಶಬ್ದದ ಪ್ರತಿಧ್ವನಿಯಿಂದ ಅಳೆಯುವಂಥದ್ದು. ನೀರು ಇಪ್ಪತ್ತೈದು ಸೆಂಟಿಮೀಟರಿಗಿಂತ ಹತ್ತಿರ ಬಂದರೆ ಅದಕ್ಕೆ ಕಣ್ಣೇ ಕಾಣುವುದಿಲ್ಲ, ಬಾಯಿಗೆ ಬಂದ ಅಂಕಿ ಹೇಳುತ್ತದೆ. ನೀನು ಅದನ್ನು ಬಾವಿಕಟ್ಟೆಯ ಮಟ್ಟದಲ್ಲೇ ಕೂರಿಸಿದ್ದೀಯ. ಅಂದರೆ ನೀರು ಕಟ್ಟೆ ಮುಟ್ಟುವ ಹೊತ್ತಿಗೆ, ಎಲ್ಲಕ್ಕಿಂತ ಬೇಕಾದ ಹೊತ್ತಿಗೆ, ಅದು ಕುರುಡು. ಒಂದು ಕಬ್ಬಿಣದ ಕೋಲಿನ ಮೇಲೆ ಮೂರಡಿ ಎತ್ತರಕ್ಕೆ ಏರಿಸು. ಬಾವಿಯ ಒಳಗೋಡೆಗೆ ಪೇಂಟಿನಲ್ಲಿ ಅರ್ಧ ಅಡಿಗೊಂದು ಗೆರೆ ಎಳೆಸಲು ನಾನು ಹೇಳಿದ್ದೇನೆ. ಅಮ್ಮಮ್ಮ ಟಾರ್ಚ್ ಬಿಟ್ಟು ನೋಡಿ "ಮೂರನೇ ಗೆರೆ" ಎಂದು ಫೋನ್ ಮಾಡಲಿ. ಅದನ್ನೂ ನಿನ್ನ ಅದೇ ಕೋಷ್ಟಕದಲ್ಲಿ ಸೇರಿಸು, ಯಾರು ಅಳೆದದ್ದು ಎಂಬ ಒಂದು ಕಾಲಂ ಮಾಡಿ. ಸೆನ್ಸರ್ ಸುಳ್ಳು ಹೇಳಿದರೆ ಹಿಡಿಯಲು ಅದಕ್ಕಿಂತ ಒಳ್ಳೆಯ ಸಾಕ್ಷಿ ನಿನಗೆ ಸಿಗುವುದಿಲ್ಲ.

ನೀನು ಎಂಕ್ಯೂಟಿಟಿ ಕಲಿಯುತ್ತಿದ್ದೇನೆ ಎಂದು ಬರೆದಿದ್ದೀಯ. ಕಲಿ, ಅದು ಈ ಕೆಲಸಕ್ಕೇ ಹುಟ್ಟಿದ್ದು. 1999ರಲ್ಲಿ ಆಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ಎಂಬಿಬ್ಬರು, ದೂರದ ತೈಲ ಕೊಳವೆಗಳ ಸುದ್ದಿಯನ್ನು ಉಪಗ್ರಹದ ದುಬಾರಿ, ಸಪೂರ ದಾರಿಯಲ್ಲಿ ತರಲೆಂದು ಮಾಡಿದ್ದು. ಅದರಲ್ಲಿ ನನಗೆ ಬಹಳ ಇಷ್ಟವಾದದ್ದು 'ಲಾಸ್ಟ್ ವಿಲ್' ಎನ್ನುವ ಏರ್ಪಾಡು. ಸಂಪರ್ಕ ಕಟ್ಟುವಾಗಲೇ ಬೋರ್ಡು ಒಂದು ಸಂದೇಶವನ್ನು ಮಧ್ಯವರ್ತಿ ಸರ್ವರಿನ ಕೈಯಲ್ಲಿ ಕೊಟ್ಟಿರುತ್ತದೆ. ನಾನು ಹೇಳದೆ ಕೇಳದೆ ಕಡಿದುಹೋದರೆ ಇದನ್ನು ಎಲ್ಲರಿಗೂ ಹೇಳು, ಎಂದು. ಸುದ್ದಿ ನಿಂತದ್ದೇ ಒಂದು ಸುದ್ದಿಯಾಗುತ್ತದೆ. ಆದರೆ ನಿದ್ದೆ ಮಾಡುವ ಬೋರ್ಡು 15 ನಿಮಿಷಕ್ಕೊಮ್ಮೆ ತಾನೇ ಸಂಪರ್ಕ ಬಿಡಿಸಿಕೊಳ್ಳುವುದರಿಂದ ನಿನಗೆ ಅದು ಪೂರ್ತಿ ಒದಗುವುದಿಲ್ಲ. ಸರ್ವರಿನಲ್ಲೇ ಒಂದು ಸಣ್ಣ ಕೆಲಸ ಇಡು: ಮೂರು ಸರದಿ ಕಳೆದರೂ ಅಳತೆ ಬಾರದಿದ್ದರೆ ನನಗೂ ನಿನಗೂ ಮೆಸೇಜ್ ಬರಲಿ. ಕರೆಂಟು ಬಂದ ಕೂಡಲೇ ಕಳಿಸುವಾಗ ಒಂದಷ್ಟು ಸೆಕೆಂಡು ಸುಮ್ಮನೆ ಕಾಯಿಸು, ಪ್ರತಿ ಬೋರ್ಡಿಗೂ ಬೇರೆ ಬೇರೆ ಹೊತ್ತು. ಇವತ್ತು ಒಂದೇ ಬೋರ್ಡು. ನಾಳೆ ಹತ್ತಾದರೆ ಎಲ್ಲ ಒಟ್ಟಿಗೆ ಬಾಗಿಲು ಬಡಿಯುತ್ತವೆ.

ಹತ್ತಾಗುವ ಲಕ್ಷಣ ಈಗಲೇ ಕಾಣುತ್ತಿದೆ. ಬ್ರಹ್ಮಾವರದ ಮಾವನಿಗೆ ಗದ್ದೆಗೊಂದು ಬೇಕಂತೆ. ಹೊಳೆಗೆ ಕಿಂಡಿ ಅಣೆಕಟ್ಟಿನ ಹಲಗೆ ಹಾಕಿದ ಮೇಲೂ ಬೇಸಗೆಯಲ್ಲಿ ಉಪ್ಪುನೀರು ಎಲ್ಲಿಯವರೆಗೆ ಬಂತು ಎಂದು ತಿಳಿಯಬೇಕಂತೆ. ಅದು ಒಳ್ಳೆಯ ಕೆಲಸವೇ. ನೀರಿನ ವಿದ್ಯುತ್ ವಾಹಕತೆ ಅಳೆದರೆ ಉಪ್ಪು ತಿಳಿಯುತ್ತದೆ. ಆದರೆ ನೀರಿಗೆ ಇಳಿಸಿದ ಲೋಹದ ಕಡ್ಡಿಗಳಿಗೆ ಸದಾ ಕರೆಂಟು ಕೊಟ್ಟಿಟ್ಟರೆ ತುಕ್ಕು ತಿಂದು ಹೋಗುತ್ತವೆ. ಅಳೆಯುವ ಕ್ಷಣಕ್ಕೆ ಮಾತ್ರ, ಅದೂ ದಿಕ್ಕು ಬದಲಿಸುತ್ತ ಕೊಡಬೇಕು. ನೀರಿನ ಬಿಸಿಯನ್ನೂ ಜೊತೆಗೇ ಅಳೆಯಬೇಕು, ಒಂದು ಡಿಗ್ರಿಗೆ ಸುಮಾರು ಶೇ. 2 ವ್ಯತ್ಯಾಸ ಬರುತ್ತದೆ. ಬೈಂದೂರಿನ ಅತ್ತೆಗೆ ಒತ್ತಿನೆಣೆಯ ಗುಡ್ಡದ ಚಿಂತೆ. ಮಗ ದಿನಾ ಆ ಹೆದ್ದಾರಿಯಲ್ಲೇ ಕೆಲಸಕ್ಕೆ ಹೋಗುವುದು, ಮಳೆಗಾಲದಲ್ಲಿ ಗುಡ್ಡ ಜರಿಯುತ್ತದೆ. "ಅವ್ಳ್ ಪೆಟ್ಟಿಗಿ ಅಲ್ಲಿ ಒಂದ್ ಇಡುಕಾತ್ತಾ ಕೇಣ್" ಎಂದರು. ಗುಡ್ಡದ ಕೆಲಸ ಬೇರೆ ಅತ್ತೆ, ಮಣ್ಣಿನ ತೇವ, ಓರೆ ಎಲ್ಲ ಬಲ್ಲವರು ಮಾಡಬೇಕಾದದ್ದು, ಜೀವದ ಪ್ರಶ್ನೆ ಎಂದು ಹೇಳಿ ಸಮಾಧಾನ ಮಾಡಿದೆ. ನೀನೂ ಉತ್ಸಾಹದಲ್ಲಿ ಒಪ್ಪಿಕೊಂಡುಬಿಡಬೇಡ. ಮೊದಲು ಈ ಒಂದು ಬಾವಿ ಶ್ರಾವಣದ ಮಳೆ ದಾಟಲಿ.

ನಿನ್ನ ಸರ್ವರಿನ ಕೀಲಿಪದ ನಮ್ಮ ನಾಯಿಯ ಹೆಸರು ಎಂದು ಕುಟುಂಬದ ವಾಟ್ಸ್ಯಾಪ್ ಗುಂಪಿಗೆಲ್ಲ ಈಗ ಗೊತ್ತು, ಪ್ರೋಗ್ರಾಮಿನ ಸ್ಕ್ರೀನ್‌ಶಾಟ್ ಹಾಕಿದ್ದು ನೀನೇ. ಚಿಕ್ಕಪ್ಪ ಆ ನಾಯಿಯನ್ನು ಕಂಡಾಗಲೆಲ್ಲ "ಸರ್ವರ್ ಬಾ" ಎಂದು ಕರೆಯುತ್ತಾರೆ. ಇವತ್ತೇ ಬದಲಿಸು. ಕೀಲಿಯನ್ನು ಪ್ರೋಗ್ರಾಮಿನ ಜೊತೆ ಬರೆಯದೆ ಬೇರೆ ಫೈಲಿನಲ್ಲಿ ಇಡು, ಬೋರ್ಡಿಗೊಂದು ಬೇರೆ ಕೀಲಿ ಕೊಡು. ಒಂದು ಬೋರ್ಡು ಕಳೆದುಹೋದರೆ ಅದೊಂದನ್ನೇ ರದ್ದು ಮಾಡಿದರೆ ಸಾಕು.

ಚೌತಿಗೆ ಬರುವಾಗ ತರಬೇಕಾದದ್ದು: ಗಡಿಯಾರದ ಚಿಪ್ಪು, ಒಳ್ಳೆಯ ಎರಡು ಲಿಥಿಯಂ ಸೆಲ್, ನೀರು ಹೋಗದ ರಬ್ಬರ್ ಬಿಗಿಯ ಪೆಟ್ಟಿಗೆ, ತೇವ ಹೀರುವ ಸಿಲಿಕಾ ಜೆಲ್ಲಿನ ಪೊಟ್ಟಣಗಳು. ಇಲ್ಲಿಯ ಉಪ್ಪು ಗಾಳಿಗೆ ಜಂಪರ್ ವಯರು, ಬ್ರೆಡ್‌ಬೋರ್ಡು ಒಂದು ಮಳೆಗಾಲ ತಡೆಯುವುದಿಲ್ಲ. ಎಲ್ಲವನ್ನೂ ಸೋಲ್ಡರ್ ಮಾಡಿ ಮೇಲೆ ವಾರ್ನಿಷ್ ಬಳಿಯೋಣ, ನನ್ನ ಹತ್ತಿರ ಐರನ್ ಇದೆ. ವಯರು ಒಳಹೋಗುವ ತೂತು ಪೆಟ್ಟಿಗೆಯ ತಳದಲ್ಲಿರಲಿ. ಇರುವೆ ನುಗ್ಗದಂತೆ ನಾನು ನೋಡಿಕೊಳ್ಳುತ್ತೇನೆ.

ರಾತ್ರಿ ಎರಡು ಗಂಟೆಗೆ ನನಗೆ ಗ್ರಾಫ್ ಕಳಿಸುವುದನ್ನು ಮಾತ್ರ ನಿಲ್ಲಿಸು. ಹಾಸ್ಟೆಲಿನ ಊಟ ಬಿಟ್ಟು ಬಿಸ್ಕತ್ತು ತಿಂದುಕೊಂಡು ಕೂರುತ್ತೀ ಎಂದು ಚಿಕ್ಕಮ್ಮ ಫೋನಿನಲ್ಲಿ ಅಳುವುದೊಂದು ಬಾಕಿ. ಅಮ್ಮಮ್ಮ ಹಲಸಿನ ಹಪ್ಪಳ ತೆಗೆದಿರಿಸಿದ್ದಾರೆ, ಅರಶಿನ ಎಲೆ ಕಡುಬು ನೀನು ಬಂದ ದಿನವೇ. ಪಂಚಗಂಗಾ ಎಕ್ಸ್‌ಪ್ರೆಸ್ಸಿಗೆ ಟಿಕೆಟ್ ಈಗಲೇ ಮಾಡಿಸು, ಹಬ್ಬದ ಹೊತ್ತಿಗೆ ಸಿಗುವುದಿಲ್ಲ. ರೈಲು ಎಂದಾದರೆ ಮೂಡ್ಲಕಟ್ಟೆಯ ಸ್ಟೇಷನ್ನಿಗೆ ನಾನೇ ಸ್ಕೂಟರ್ ತರುತ್ತೇನೆ, ಬಸ್ಸಾದರೆ ಶಾಸ್ತ್ರಿ ಸರ್ಕಲ್ಲಿನಲ್ಲಿ ಇಳಿ. ಯಾವುದೆಂದು ಈ ವಾರದೊಳಗೆ ತಿಳಿಸು.

ಪ್ರೀತಿಯಿಂದ,
ನಿನ್ನ ಅಕ್ಕ